ಹಿಂದಿನ ತಾರೀಖಿನಿಂದ ಹೋದ ರಫ್ತು ಸವಲತ್ತು: ರಿಟ್ ಹಾಕುವ ಮೊದಲು ನಾನು ನೋಡುವುದು

ಮುಂಬಯಿಯ ನಮ್ಮ ಕನ್ನಡಿಗ ರಫ್ತುದಾರರು ಫೈಲು ತಂದಾಗ ನಾನು ಮೊದಲು ಕೇಳುವುದು ಎರಡು ತಾರೀಖು. ನ್ಹಾವಾ ಶೇವಾ ಬಂದರಿನಲ್ಲಿ ಲೆಟ್ ಎಕ್ಸ್‌ಪೋರ್ಟ್ ಆರ್ಡರ್ (ಮಾಲು ಹೊರಡಲು ಕಸ್ಟಮ್ಸ್ ಕೊಡುವ ಅನುಮತಿ) ಸಿಕ್ಕಿದ್ದು ಯಾವತ್ತು? ಸವಲತ್ತು ಕಿತ್ತುಕೊಂಡ ಅಧಿಸೂಚನೆ ಗೆಜೆಟ್‌ನಲ್ಲಿ ಬಂದದ್ದು ಯಾವತ್ತು? ಮಾಲು ಮೊದಲು ಹೋಗಿ, ಅಧಿಸೂಚನೆ ಆಮೇಲೆ ಬಂದಿದ್ದರಷ್ಟೇ ಪೂರ್ವಾನ್ವಯದ, ಅಂದರೆ ಹಿಂದಿನ ತಾರೀಖಿನಿಂದ ಅನ್ವಯಿಸಿದ್ದು ತಪ್ಪು ಎಂಬ ವಾದಕ್ಕೆ ಜಾಗ. 2020ರ ಸೆಪ್ಟೆಂಬರ್ 1ರಂದು ಎಂಇಐಎಸ್‌ಗೆ (ಸರಕು ರಫ್ತಿನ ಮೌಲ್ಯದ ಇಂತಿಷ್ಟು ಶೇಕಡಾವನ್ನು ಸವಲತ್ತಾಗಿ ಕೊಡುತ್ತಿದ್ದ ಯೋಜನೆ) ಹಾಕಿದ 2 ಕೋಟಿ ರೂಪಾಯಿಯ ಮಿತಿ ಅಂದಿನಿಂದ ಮುಂದಿನ ರಫ್ತಿಗೆ ಅನ್ವಯಿಸಿತ್ತು. ಅಲ್ಲಿ ಈ ವಾದ ನಡೆಯದು. ಸಿದ್ಧ ಉಡುಪಿನ ವಿಷಯ ಹಾಗಲ್ಲ. 2020ರ ಜನವರಿ 29ರ ಪಬ್ಲಿಕ್ ನೋಟಿಸ್ 2019ರ ಮಾರ್ಚ್ 7ರಿಂದಲೇ ಎಂಇಐಎಸ್ ಇಲ್ಲ ಎಂದಿತು. ಆ ಶೇಕಡಾವಾರು ಹಿಡಿದೇ ಬೆಲೆ ಕೂರಿಸಿ ಮಾಲು ಕಳಿಸಿದವರಿಗೆ ಇದು ಅನ್ಯಾಯ ಎಂದೇ ನನ್ನ ನಿಲುವು.

ಆಧಾರ 1992ರ ವಿದೇಶಿ ವ್ಯಾಪಾರ ಕಾಯ್ದೆಯ 5ನೇ ಕಲಂ. ನೀತಿ ರೂಪಿಸುವ, ತಿದ್ದುವ ಅಧಿಕಾರ ಕೇಂದ್ರ ಸರ್ಕಾರದ್ದು. 6(3)ನೇ ಕಲಂ ಪ್ರಕಾರ ಅದನ್ನು ವಿದೇಶಿ ವ್ಯಾಪಾರ ಮಹಾನಿರ್ದೇಶಕರಿಗೆ ವಹಿಸಿಕೊಡುವಂತಿಲ್ಲ. ಹಾಗಾಗಿ ಕೈಗೆ ಬಂದ ಕಾಗದ ಅಧಿಸೂಚನೆಯೋ, ಬರೀ ಪಬ್ಲಿಕ್ ನೋಟಿಸೋ, ಸುತ್ತೋಲೆಯೋ ನೋಡಿ. ಕೊನೆಯ ಎರಡರಿಂದ ನೀತಿಯನ್ನೇ ಬದಲಿಸಿದ್ದರೆ ಪೂರ್ವಾನ್ವಯದ ಪ್ರಶ್ನೆಗೂ ಮೊದಲು ಅಧಿಕಾರದ ಪ್ರಶ್ನೆ ಎತ್ತಬೇಕು.

2015ರ ಕನಕ್ ಎಕ್ಸ್‌ಪೋರ್ಟ್ಸ್ ತೀರ್ಪನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಆದರೆ ಅರ್ಧವೇ ಓದಿರುತ್ತಾರೆ. 5ನೇ ಕಲಂನಡಿ ಹಿಂದಿನ ತಾರೀಖಿನಿಂದ ತಿದ್ದುವ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಆದರೂ ಅಲ್ಲಿನ ರಫ್ತುದಾರರಿಗೆ ಸವಲತ್ತು ಸಿಗಲಿಲ್ಲ: ಚಿನ್ನ, ವಜ್ರದ ವಹಿವಾಟನ್ನು ಕೃತಕವಾಗಿ ಉಬ್ಬಿಸಿದವರಿಗೆ ಹಕ್ಕೇ ಹುಟ್ಟಿಲ್ಲ ಎಂದಿತು. ಎದುರು ಪಕ್ಷ ಓದುವುದು ಈ ಎರಡನೇ ಅರ್ಧವನ್ನೇ. ಅದಕ್ಕೇ ಖರೀದಿಯ ಜಿಎಸ್‌ಟಿ ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್ (ಹಡಗಿಗೆ ಮಾಲು ಹತ್ತಿದ ರಸೀದಿ), ಇ-ಬಿಆರ್‌ಸಿ (ರಫ್ತಿನ ಹಣ ಬಂದಿತೆಂಬ ಬ್ಯಾಂಕಿನ ಪ್ರಮಾಣಪತ್ರ) ಎಲ್ಲವನ್ನೂ ಅರ್ಜಿಯ ಜೊತೆಗೇ ಲಗತ್ತಿಸುತ್ತೇನೆ. ಆಮೇಲೆ ಕೇಳಿದಾಗ ಕೊಟ್ಟರಾಯಿತು ಎಂದು ಇಟ್ಟುಕೊಂಡ ಕಾಗದಕ್ಕೆ ಅಷ್ಟು ತೂಕ ಉಳಿಯುವುದಿಲ್ಲ. 'ಇದು ಬದಲಾವಣೆಯಲ್ಲ, ಬರೀ ಸ್ಪಷ್ಟೀಕರಣ' ಎಂಬ ಸರ್ಕಾರದ ಉತ್ತರವೂ ಖಂಡಿತ ಬರುತ್ತದೆ. ನೀತಿಯ ಹಳೆಯ ಪ್ಯಾರಾ, ಹೊಸ ಪ್ಯಾರಾ ಅಕ್ಕಪಕ್ಕ ಇಟ್ಟು, ಹೊಸದಾಗಿ ಸೇರಿದ ಪದಗಳ ಕೆಳಗೆ ಗೆರೆ ಎಳೆದುಬಿಡಿ.

ಸೇವಾ ರಫ್ತು ಇನ್ನೂ ಕಠಿಣ. 2019-20ರ ಎಸ್‌ಇಐಎಸ್‌ಗೆ (ಸೇವಾ ರಫ್ತಿಗಿದ್ದ ಅಂಥದ್ದೇ ಯೋಜನೆ) 5 ಕೋಟಿ ರೂಪಾಯಿಯ ಮಿತಿ ಬಂದದ್ದು 2021ರ ಸೆಪ್ಟೆಂಬರ್ 23ರಂದು, ವರ್ಷ ಮುಗಿದ ಎಷ್ಟೋ ತಿಂಗಳ ಮೇಲೆ. ಆದರೆ ದರವೇ ಅಲ್ಲಿಯವರೆಗೆ ಪ್ರಕಟವಾಗಿರಲಿಲ್ಲ, ಹಾಗಾಗಿ ಹಕ್ಕು ಹುಟ್ಟಿರಲಿಲ್ಲ ಎನ್ನಲು ಸರ್ಕಾರಕ್ಕೆ ದಾರಿಯಿದೆ. ಇಲ್ಲಿ ನಾನು ನ್ಯಾಯಸಮ್ಮತ ನಿರೀಕ್ಷೆಯ ತತ್ವವನ್ನೂ (ಸರ್ಕಾರದ ನಡೆಯಿಂದ ಹುಟ್ಟಿದ ನಿರೀಕ್ಷೆಯನ್ನು ಕಾರಣವಿಲ್ಲದೆ ಮುರಿಯಬಾರದು ಎಂಬುದು) ಪ್ರತ್ಯೇಕವಾಗಿ ಎತ್ತುತ್ತೇನೆ. ವಚನ ಪ್ರತಿಬಂಧವೊಂದನ್ನೇ (ಕೊಟ್ಟ ಮಾತಿನಿಂದ ಸರ್ಕಾರ ಹಿಂದೆ ಸರಿಯಬಾರದು ಎಂಬ ತತ್ವ) ನಂಬಿ ಕೂರುವುದಿಲ್ಲ. 1994ರ ಕಸಿಂಕಾ ಟ್ರೇಡಿಂಗ್ ತೀರ್ಪಿನಿಂದ ಈಚೆಗೆ ಸಾರ್ವಜನಿಕ ಹಿತಾಸಕ್ತಿಗಾಗಿ ಸವಲತ್ತು ಹಿಂಪಡೆದೆವು ಎಂಬ ಸರ್ಕಾರದ ಉತ್ತರ ಸದಾ ಸಿದ್ಧವಿರುತ್ತದೆ.

ಪ್ರತಿ ಶಿಪ್ಪಿಂಗ್ ಬಿಲ್‌ಗೆ (ಕಸ್ಟಮ್ಸ್‌ಗೆ ಸಲ್ಲಿಸುವ ರಫ್ತು ಘೋಷಣೆ) ಒಂದು ಸಾಲಿನ ಪಟ್ಟಿ ಮಾಡಿ: ಬಿಲ್ ಸಂಖ್ಯೆ, ಲೆಟ್ ಎಕ್ಸ್‌ಪೋರ್ಟ್ ತಾರೀಖು, ಎಫ್‌ಒಬಿ ಮೌಲ್ಯ (ಹಡಗಿಗೆ ಹತ್ತಿಸುವವರೆಗಿನ ಬೆಲೆ), ಅಂದಿನ ದರ, ಹಣ ಬಂದ ದಿನ. ಬಿಲ್‌ನ ರಿವಾರ್ಡ್ ಕಾಲಂನಲ್ಲಿ 'ವೈ' (ಸವಲತ್ತು ಬೇಕು) ಇದೆಯೇ ನೋಡಿ. 'ಎನ್' (ಬೇಡ) ಬಿದ್ದಿದ್ದರೆ ಅದು ಕಸ್ಟಮ್ಸ್ ಕಾಯ್ದೆಯ 149ನೇ ಕಲಂನಡಿ ತಿದ್ದುಪಡಿಯ ಬೇರೆಯೇ ಜಗಳ. ಎರಡನ್ನೂ ಒಂದೇ ಅರ್ಜಿಗೆ ತುಂಬಬೇಡಿ.

ವಸೂಲಿ ಆದೇಶ ಆಗಲೇ ಕೈಸೇರಿದ್ದರೆ ವಿದೇಶಿ ವ್ಯಾಪಾರ ಕಾಯ್ದೆಯ 15ನೇ ಕಲಂನ ಮೇಲ್ಮನವಿಗೆ 45 ದಿನ. ಅಧಿಸೂಚನೆಯ ಸಿಂಧುತ್ವವನ್ನು ಮೇಲ್ಮನವಿ ಕೇಳುವ ಅಧಿಕಾರಿ ತೀರ್ಮಾನಿಸಲಾರರು, ಅದಕ್ಕೆ ಬಾಂಬೆ ಹೈಕೋರ್ಟಿನಲ್ಲಿ 226ನೇ ವಿಧಿಯ ರಿಟ್ ಬೇಕು. ಆದರೂ ಗಡುವು ಕೈಬಿಡಬೇಡಿ: ರಿಟ್‌ನಲ್ಲಿ 'ಮೇಲ್ಮನವಿಗೆ ಹೋಗಿ' ಎಂಬ ಉತ್ತರ ಬಂದಾಗ ಆ 45 ದಿನ ಮುಗಿದಿರುತ್ತದೆ. ಮಧ್ಯಂತರ ಕೋರಿಕೆಯಲ್ಲಿ ವಸೂಲಿಗೆ ತಡೆ ಕೇಳಿದರಷ್ಟೇ ಸಾಲದು, ಐಇಸಿಯನ್ನು (ರಫ್ತುದಾರನ ನೋಂದಣಿ ಸಂಖ್ಯೆ) ಡಿನೈಡ್ ಎಂಟಿಟಿ ಪಟ್ಟಿಗೆ (ಪರವಾನಗಿ, ಸವಲತ್ತು ತಡೆಹಿಡಿದವರ ಪಟ್ಟಿ) ಸೇರಿಸದಂತೆಯೂ ಕೇಳಿ. ಪೋರ್ಟಲ್ ಅರ್ಜಿ ತೆಗೆದುಕೊಳ್ಳದಿದ್ದರೆ ಕೊನೆಯ ದಿನಕ್ಕೆ ಮೊದಲೇ ಕಾಗದದ ಮೇಲೆ ಸಲ್ಲಿಸಿ, ಕಚೇರಿಯ ಮೊಹರಿನ ಸ್ವೀಕೃತಿ ಪಡೆದು, ತೆರೆಯ ಚಿತ್ರದ ಜೊತೆ ಲಗತ್ತಿಸಿ.