ಕೈ ನಿಂತಿತ್ತು, ಫಿಟ್ಸ್ ನಿಂತಿರಲಿಲ್ಲ

ಹಸುಗೂಸುಗಳ ಐಸಿಯುನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಫಿಟ್ಸ್ ಗುರುತಿಸುತ್ತಿದ್ದದ್ದು ಬರೀ ಕಣ್ಣಿಂದ. ಸೈಕಲ್ ತುಳಿದ ಹಾಗೆ ಕಾಲಾಡಿಸುವುದು, ತುಟಿ ಚಪ್ಪರಿಸುವುದು, ಕಣ್ಣು ಒಂದೇ ಕಡೆ ನೆಟ್ಟುಬಿಡುವುದು, ಉಸಿರು ನಿಲ್ಲುವುದು. ಇವು ಕಂಡರೆ ಫಿಟ್ಸ್, ಕಾಣದಿದ್ದರೆ ಇಲ್ಲ. ಹಾಗಂತಲೇ ನಂಬಿದ್ದೆ.

ಆ ನಂಬಿಕೆ ಬಿಡಿಸಿದ್ದು ಒಂದು ಮಗು. ತಿಂಗಳು ತುಂಬಿ ಹುಟ್ಟಿತ್ತು, ಆದರೆ ಹೆರಿಗೆ ಹೊತ್ತಲ್ಲಿ ಮಿದುಳಿಗೆ ಆಮ್ಲಜನಕ ಸಾಲದೆ ಹೋಗಿತ್ತು. ಹುಟ್ಟಿದ 6 ಗಂಟೆಯೊಳಗೆ ಕೂಲಿಂಗ್ ಶುರು ಮಾಡಿದ್ದೆವು, ಅಂದರೆ ಮೈಯ ತಾಪವನ್ನು 33.5 ಡಿಗ್ರಿ ಆಸುಪಾಸಿಗೆ ಇಳಿಸಿ 72 ಗಂಟೆ ಹಾಗೇ ಇಡುವುದು. ಅರ್ಧ ದಿನ ಕಳೆಯುತ್ತಿದ್ದಂತೆ ಎಡಗೈ ಲಯಬದ್ಧವಾಗಿ ಜಗ್ಗತೊಡಗಿತು. ನಾನು ಕೈ ಹಿಡಿದುಕೊಂಡೆ, ಬೆರಳಡಿಯಲ್ಲೂ ಜಗ್ಗುತ್ತಲೇ ಇತ್ತು. ಬರೀ ನಡುಕವಾಗಿದ್ದರೆ ಹಿಡಿದ ತಕ್ಷಣ ನಿಲ್ಲುತ್ತಿತ್ತು. ರಕ್ತದ ಸಕ್ಕರೆ, ಕ್ಯಾಲ್ಸಿಯಂ ಎರಡೂ ಸರಿ ಇದ್ದವು. ಕೆಜಿಗೆ 20 ಮಿಲಿಗ್ರಾಂ ಲೆಕ್ಕದಲ್ಲಿ ಫಿಟ್ಸ್ ತಡೆಯುವ ಔಷಧ ಫಿನೋಬಾರ್ಬಿಟೋನ್ ಕೊಟ್ಟೆವು, ಸ್ವಲ್ಪ ಹೊತ್ತಿಗೆ ಕೈ ನಿಂತಿತು. ಮಗು ಎಷ್ಟು ಶಾಂತವಾಗಿ ಮಲಗಿತ್ತೆಂದರೆ ನಾನು ಹೊರಗೆ ಹೋಗಿ ತಂದೆಗೆ "ಈಗ ಫಿಟ್ಸ್ ಇಲ್ಲ" ಅಂತ ಹೇಳಿಬಂದೆ.

ತಲೆಗೆ ಹಚ್ಚಿದ ಎಲೆಕ್ಟ್ರೋಡ್ ಮೂಲಕ ಮಿದುಳಿನ ವಿದ್ಯುತ್ ಅಲೆಗಳನ್ನು ಪರದೆಯಲ್ಲಿ ತೋರಿಸುವ ಎಇಇಜಿ ಮಾನಿಟರ್ ನಮ್ಮಲ್ಲಿದ್ದದ್ದು ಒಂದೇ, ಅಲ್ಲಿಯವರೆಗೆ ಅದು ಬೇರೆ ಮಗುವಿನ ಬಳಿ ಇತ್ತು. ಅದು ಸಿಕ್ಕಿದ ಕೂಡಲೇ ಈ ಮಗುವಿಗೆ ಹಾಕಿದೆವು. ಹತ್ತು ನಿಮಿಷವೂ ಆಗಿರಲಿಲ್ಲ, ಬಲಗಡೆಯ ಅಲೆಗಳು ಒಂದೇ ಅಚ್ಚಿನಲ್ಲಿ ಒಂದರ ಹಿಂದೊಂದು ಬರತೊಡಗಿದವು, ದೊಡ್ಡವಾದವು, ಆಮೇಲೆ ನಿಧಾನವಾಗಿ ವೇಗ ಇಳಿದು ನಿಂತವು. ಸುಮಾರು ಎರಡು ನಿಮಿಷ. ಅಷ್ಟೂ ಹೊತ್ತು ಮಗುವಿನ ಒಂದು ಬೆರಳೂ ಅಲುಗಲಿಲ್ಲ. ಔಷಧ ಕೈಯನ್ನು ನಿಲ್ಲಿಸಿತ್ತು, ಮಿದುಳಿನ ಸೆಳವು, ಅಂದರೆ ಒಳಗಿನ ಫಿಟ್ಸ್, ನಡೆದೇ ಇತ್ತು. ಫಿನೋಬಾರ್ಬಿಟೋನ್ ಕೊಟ್ಟ ಮೇಲೆ ಹೀಗಾಗುವುದು ಅಪರೂಪವೇನಲ್ಲ ಅಂತ ಓದಿದ್ದೆ, ಆದರೆ ಓದಿದ್ದು ಮೈಗೆ ಹತ್ತಿದ್ದು ಅವತ್ತು. ಅದೇ ಔಷಧದ ಇನ್ನೊಂದು ಡೋಸ್ ಕೊಟ್ಟೆವು, ಅಲೆಗಳು ಶಾಂತವಾಗುವ ತನಕ ಪರದೆ ಬಿಟ್ಟು ಕದಲಲಿಲ್ಲ. ಆಮೇಲೆ ಮತ್ತೆ ಹೊರಗೆ ಹೋಗಿ ತಂದೆಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಅವತ್ತಿಂದ ಎಲೆಕ್ಟ್ರೋಡ್ ಹಚ್ಚುವ ಕೆಲಸವನ್ನು ಸಿಸ್ಟರ್‌ಗಳ ಜೊತೆ ಕೂತು ನಾನೇ ಕಲಿತೆ. ಅರ್ಧ ಗೆಲುವು ಇರುವುದೇ ಅಲ್ಲಿ. ನಾವು ಎರಡೂ ಬದಿಯಲ್ಲಿ ನೆತ್ತಿಯ ಆಚೀಚೆ ಎರಡೆರಡು ಹಚ್ಚುತ್ತೇವೆ, ಆ ಜಾಗಗಳ ಹೆಸರು ಸಿ3-ಪಿ3 ಮತ್ತು ಸಿ4-ಪಿ4, ಜೊತೆಗೊಂದು ಗ್ರೌಂಡ್ ಎಲೆಕ್ಟ್ರೋಡ್. ಚರ್ಮವನ್ನು ಜೆಲ್‌ನಿಂದ ಹಗುರಾಗಿ ಉಜ್ಜಬೇಕು, ಜಾಸ್ತಿ ಉಜ್ಜಿದರೆ ಆ ಎಳೆ ಚರ್ಮ ಕಿತ್ತುಬರುತ್ತದೆ. ಇಂಪಿಡೆನ್ಸ್, ಅಂದರೆ ಚರ್ಮಕ್ಕೂ ಎಲೆಕ್ಟ್ರೋಡ್‌ಗೂ ನಡುವಿನ ವಿದ್ಯುತ್ ತಡೆ, 10 ಕಿಲೋ ಓಮ್‌ಗಿಂತ ಕೆಳಗೆ ಬರುವ ತನಕ ನಾನು ಪರದೆಯ ಕಡೆ ನೋಡುವುದೇ ಇಲ್ಲ. ಹೆರಿಗೆಯಲ್ಲಿ ತಲೆ ಊದಿಕೊಂಡ ಮಗುವಾದರೆ ಊತದ ಜಾಗ ತಪ್ಪಿಸಬೇಕು, ಇಲ್ಲವಾದರೆ ಆ ಬದಿಯ ಅಲೆ ಸುಮ್ನೆ ಚಿಕ್ಕದಾಗಿ ಕಾಣುತ್ತದೆ, ಮಿದುಳಿಗೇ ಪೆಟ್ಟಾಗಿದೆ ಅಂತ ನಾವು ಹೆದರುತ್ತೇವೆ.

ಪರದೆಯಲ್ಲಿ ಎರಡು ಚಿತ್ರ ಇರುತ್ತವೆ. ಒಂದು ಗಂಟೆಗಟ್ಟಲೆ ದಾಖಲೆಯನ್ನು ಒತ್ತಾಗಿಸಿದ ಪಟ್ಟಿ, ಅದರಲ್ಲಿ ಒಂದು ಗಂಟೆ ಅಂದರೆ ಸುಮಾರು 6 ಸೆಂಟಿಮೀಟರ್. ಇನ್ನೊಂದು ಆ ಕ್ಷಣದ ಅಸಲಿ ಅಲೆ. ತಿಂಗಳು ತುಂಬಿದ ಆರೋಗ್ಯವಂತ ಮಗುವಿನಲ್ಲಿ ಪಟ್ಟಿಯ ಕೆಳಗಿನ ಅಂಚು 5 ಮೈಕ್ರೊವೋಲ್ಟ್‌ಗಿಂತ ಮೇಲೆ, ಮೇಲಿನ ಅಂಚು 10ಕ್ಕಿಂತ ಮೇಲೆ ಇರುತ್ತದೆ. ಕೆಳಗಿನ ಅಂಚು ಥಟ್ಟನೆ ಮೇಲೇರಿದರೆ ಅನುಮಾನ ಶುರು. ಅದು ಮೇಲಿಂದ ಮೇಲೆ ಬಂದರೆ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಆದರೆ ಪಟ್ಟಿಯನ್ನು ಮಾತ್ರ ನೋಡಿ ಔಷಧ ಕೊಡಬೇಡಿ, ದಯವಿಟ್ಟು. ಒಂದು ಸಲ ಹಾಗೇ ಅಂಚು ಏರಿತ್ತು, ಅಸಲಿ ಅಲೆಯೂ ತಾಳ ಹಾಕಿದಷ್ಟು ಲಯವಾಗಿತ್ತು, ನಾನು ಎರಡನೇ ಔಷಧ ಬರೆಯಲು ಪೆನ್ನು ತೆಗೆದಿದ್ದೆ. ತಿರುಗಿ ನೋಡಿದರೆ ಸಿಸ್ಟರ್ ಅಳುತ್ತಿದ್ದ ಮಗುವಿನ ಬೆನ್ನು ತಟ್ಟುತ್ತಿದ್ದರು. "ಸಿಸ್ಟರ್, ಒಂದು ನಿಮಿಷ ಕೈ ತೆಗೀರಿ" ಅಂದೆ, ಅಲೆ ಮಾಯ! ಚೀಪುವುದು, ವೆಂಟಿಲೇಟರ್, ಎದೆಬಡಿತ ಕೂಡ ಹೀಗೇ ಮೋಸ ಮಾಡುತ್ತವೆ. ಅದಕ್ಕೇ ಈಗ ಮಗುವನ್ನು ಮುಟ್ಟಿದಾಗಲೆಲ್ಲ ಮಾನಿಟರ್‌ನಲ್ಲಿ ಗುರುತು ಹಾಕುತ್ತೇವೆ, ಎತ್ತಿದ್ದು, ಕಫ ತೆಗೆದದ್ದು, ಔಷಧ ಕೊಟ್ಟದ್ದು, ಎಲ್ಲಾ. ಸಾಧ್ಯವಾದರೆ ವಿಡಿಯೋ ಕೂಡ.

ಈ ಮಾನಿಟರ್‌ಗೂ ಕಾಣದ್ದು ಇದೆ. ಅರ್ಧ ನಿಮಿಷಕ್ಕಿಂತ ಚಿಕ್ಕ ಸೆಳವು ಪಟ್ಟಿಯಲ್ಲಿ ಕಳೆದುಹೋಗಬಹುದು, ಎಲೆಕ್ಟ್ರೋಡ್‌ನಿಂದ ದೂರದಲ್ಲಿ ಹುಟ್ಟಿ ಅಲ್ಲೇ ಮುಗಿದದ್ದು ಗೊತ್ತೇ ಆಗದಿರಬಹುದು. ಅನುಮಾನ ಉಳಿದರೆ ತಲೆಯ ತುಂಬಾ ಎಲೆಕ್ಟ್ರೋಡ್ ಹಚ್ಚುವ ಪೂರ್ತಿ ಇಇಜಿ ಮಾಡಿಸುತ್ತೇನೆ.

ಆ ಮಗುವಿಗೆ ಮೂರು ದಿನ ಮುಗಿದು ಮೈ ಬೆಚ್ಚಗಾಗಿಸುವಾಗ ಎಲೆಕ್ಟ್ರೋಡ್ ತೆಗೆಯೋಣವೇ ಅಂತ ಕೇಳಿದರು. ಬೇಡ ಅಂದೆ, ಬೆಚ್ಚಗಾಗುವ ಹೊತ್ತಲ್ಲೂ ಸೆಳವು ಮರುಕಳಿಸುವುದುಂಟು. ಗಂಟೆಗೆ ಅರ್ಧ ಡಿಗ್ರಿಯಂತೆ ತಾಪ ಏರಿಸಿದೆವು, ಅಲೆಗಳು ಕದಡಲಿಲ್ಲ. ಮರುದಿನ ಪಟ್ಟಿ ನಿಧಾನವಾಗಿ ಅಗಲವಾಗಿ, ಕಿರಿದಾಗಿ, ಮತ್ತೆ ಅಗಲವಾಯಿತು. ನಿದ್ದೆ ಎಚ್ಚರಗಳ ಸರದಿ ಶುರುವಾಗಿತ್ತು. ತಾಯಿಯನ್ನು ಕರೆದು ಪರದೆಯ ಮೇಲೆ ಬೆರಳಿಟ್ಟು ತೋರಿಸಿದೆ, "ನೋಡಮ್ಮ, ಇಲ್ಲಿ ನಿಮ್ಮ ಮಗು ನಿದ್ದೆ ಮಾಡಿದೆ."