ತೂಕದ ಕಾಟಾ ನಿಲ್ಲಿಸದೆ ಪೋಸ್ಟ್‌ಗ್ರೆಸ್‌ನಲ್ಲಿ ಜಾಗ ಬಿಡಿಸಿಕೊಳ್ಳುವುದು

ಗೋಣಿಕೊಪ್ಪದ ಹತ್ತಿರ ಒಬ್ಬ ಕಾಫಿ ವ್ಯಾಪಾರಿಯ ಪೋಸ್ಟ್‌ಗ್ರೆಸ್ ಡೇಟಾಬೇಸ್ ನೋಡಿಕೊಳ್ಳುತ್ತೇನೆ. ಫೆಬ್ರವರಿ, ರೊಬಸ್ಟಾ ಕುಯ್ಲಿನ ಭರಾಟೆ. ಡಿಸ್ಕ್ ತುಂಬುತ್ತಾ ಬಂತು. ಹಿಂದೆಮುಂದೆ ನೋಡದೆ ಬೆಳಗ್ಗೆ ಹನ್ನೊಂದಕ್ಕೆ ತೂಕದ ದಾಖಲೆ ಇರುವ ಟೇಬಲ್ ಮೇಲೆ ವ್ಯಾಕ್ಯೂಮ್ ಫುಲ್ (ಖಾಲಿ ಜಾಗ ತೆಗೆದು ಟೇಬಲನ್ನೇ ಹೊಸದಾಗಿ ಬರೆಯುವ ಆದೇಶ) ಓಡಿಸಿದೆ. ಐದೇ ನಿಮಿಷಕ್ಕೆ ಫೋನ್: "ಸ್ಕ್ರೀನ್ ಸುಮ್ನೆ ಸುತ್ತುತ್ತಾ ಇದೆ, ಹೊರಗೆ ಏಳು ಪಿಕಪ್ ನಿಂತಿವೆ." ವ್ಯಾಕ್ಯೂಮ್ ಫುಲ್ ಟೇಬಲ್‌ಗೆ ಪೂರ್ತಿ ಬೀಗ ಹಾಕುತ್ತದೆ, ಓದಲೂ ಬಿಡುವುದಿಲ್ಲ. ಗೊತ್ತಿದ್ದೂ ಮಾಡಿದ್ದೆ.

ಜಾಗ ಯಾಕೆ ಹಾಳಾಗುತ್ತದೆ ಅಂದ್ರೆ, ಪೋಸ್ಟ್‌ಗ್ರೆಸ್ ಸಾಲನ್ನು ಅಳಿಸಿ ತಿದ್ದುವುದಿಲ್ಲ. ಹಳೇ ಕಾಟಾ ಪುಸ್ತಕದ ಹಾಗೆ, ಇದ್ದದ್ದನ್ನು ಹೊಡೆದು ಹಾಕಿ ಬೇರೆ ಕಡೆ ಹೊಸದಾಗಿ ಬರೆಯುತ್ತದೆ. ನಮ್ಮಲ್ಲಿ ಒಂದು ಲಾಟ್‌ಗೆ ಮೊದಲು ತೂಕ, ಆಮೇಲೆ ತೇವ, ಆಮೇಲೆ ಓಟಿ (ಔಟ್ ಟರ್ನ್, ಸಿಪ್ಪೆ ತೆಗೆದ ಮೇಲೆ ಎಷ್ಟು ಬೀಜ ಸಿಗುತ್ತದೆ ಅನ್ನುವ ಲೆಕ್ಕ), ಸಂಜೆಗೆ ಬೆಲೆ. ಒಂದು ಸಾಲಿಗೆ ಮೂರು ಹೆಣ, ಅಂದ್ರೆ ಹೊಡೆದು ಹಾಕಿದ ಮೂರು ಹಳೇ ಪ್ರತಿ. ಮಾಮೂಲಿ ವ್ಯಾಕ್ಯೂಮ್ ಆ ಜಾಗದಲ್ಲಿ ಮತ್ತೆ ಬರೆಯಬಹುದು ಅಂತ ಗುರುತು ಹಾಕುತ್ತದೆ, ಅಷ್ಟೇ. ಫೈಲಿನ ತುದಿಯಲ್ಲಿ ಪೂರ್ತಿ ಖಾಲಿ ಪುಟಗಳಿದ್ದರೆ ಮಾತ್ರ ಡಿಸ್ಕ್‌ಗೆ ವಾಪಸ್ ಕೊಡುತ್ತದೆ.

ಮೊದಲು ಅಳತೆ. ಸತ್ತ ಸಾಲುಗಳ ಎಣಿಕೆ ನೋಡಿ ಮೋಸ ಹೋಗಬೇಡಿ. ವ್ಯಾಕ್ಯೂಮ್ ಆದ ಮೇಲೆ ಆ ಎಣಿಕೆ ಸೊನ್ನೆಯ ಹತ್ತಿರ ಬರುತ್ತದೆ, ಟೇಬಲ್ ಮಾತ್ರ ಅಷ್ಟೇ ದಪ್ಪ. ಪಿಜಿಸ್ಟ್ಯಾಟ್‌ಟಪಲ್ ಎಕ್ಸ್‌ಟೆನ್ಷನ್ ಹಾಕಿ ಖಾಲಿ ಜಾಗದ ಶೇಕಡಾವಾರು ನೋಡಿ. ಅದು ಇಡೀ ಟೇಬಲ್ ಓದುತ್ತದೆ. ದೊಡ್ಡ ಟೇಬಲ್ ಆದರೆ ಅದರದೇ ಅಂದಾಜು ಹೇಳುವ ಅಪ್ರಾಕ್ಸ್ ಫಂಕ್ಷನ್ ಸಾಕು.

ಆಮೇಲೆ ವ್ಯಾಕ್ಯೂಮ್‌ಗೆ ಅಡ್ಡ ನಿಂತ ಕಳ್ಳನನ್ನು ಹುಡುಕಿ. ನನ್ನ ಪ್ರಕಾರ ಇದೇ ಮುಖ್ಯ ಕೆಲಸ, ಜಾಸ್ತಿ ಜನ ಇದನ್ನೇ ಬಿಡುತ್ತಾರೆ. ಯಾರ ಸೆಷನ್ ಏನು ಮಾಡುತ್ತಿದೆ ಅಂತ ತೋರಿಸುವ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿಯಲ್ಲಿ ನೋಡಿದರೆ ಲೆಕ್ಕದವರ ಕಂಪ್ಯೂಟರಿನಿಂದ ಬಂದ ಒಂದು ಸೆಷನ್ 'ಐಡಲ್ ಇನ್ ಟ್ರಾನ್ಸಾಕ್ಷನ್' ಅಂತ ಮೂರು ದಿನದಿಂದ ಕೂತಿತ್ತು. ಒಂದು ಬೆಲೆ ತಿದ್ದಿ, ಕಮಿಟ್ (ಬದಲಾವಣೆ ಖಾಯಂ) ಮಾಡದೆ, ಹುತ್ತರಿ ಗದ್ದೆಗೆ ಹೋದವರ ಹಾಗೆ ಎದ್ದು ಹೋಗಿದ್ದರು. ಅದು ಇರುವ ತನಕ, ಅದರ ನಂತರ ಸತ್ತ ಸಾಲುಗಳನ್ನು ವ್ಯಾಕ್ಯೂಮ್ ಮುಟ್ಟುವುದಿಲ್ಲ. ಇನ್ನೊಂದು ಸರ್ವರ್‌ಗೆ ನಕಲು ಕಳಿಸಲು ಮಾಡಿ, ಯಾರೂ ಬಳಸದೆ ಬಿಟ್ಟ ರೆಪ್ಲಿಕೇಶನ್ ಸ್ಲಾಟ್ ಕೂಡ ಇದೇ ಕಾಟ ಕೊಡುತ್ತದೆ. ಸೆಷನ್ ಕೊಂದು, ಐಡಲ್ ಟ್ರಾನ್ಸಾಕ್ಷನ್‌ಗೆ 10 ನಿಮಿಷದ ಟೈಮ್‌ಔಟ್ ಇಟ್ಟೆ.

ಈಗ ವ್ಯಾಕ್ಯೂಮ್ ಫುಲ್ ಬದಲಿಗೆ ಪಿಜಿ ರೀಪ್ಯಾಕ್ ಅನ್ನುವ ಟೂಲ್. ಇದು ಪಕ್ಕದಲ್ಲಿ ಹೊಸ ಟೇಬಲ್ ಕಟ್ಟುತ್ತದೆ. ಅಷ್ಟರಲ್ಲಿ ಬಂದ ಬದಲಾವಣೆಗಳನ್ನು ಟ್ರಿಗರ್ (ಬದಲಾವಣೆ ಆದಾಗ ತಾನೇ ಓಡುವ ಕೋಡ್) ಮೂಲಕ ಬರೆದಿಟ್ಟುಕೊಂಡು, ಕೊನೆಗೆ ಅದಲುಬದಲು ಮಾಡುತ್ತದೆ. ಪೂರ್ತಿ ಬೀಗ ಶುರುವಿನಲ್ಲಿ ಮತ್ತು ಕೊನೆಯಲ್ಲಿ ಕ್ಷಣ ಹೊತ್ತು ಮಾತ್ರ. ಟೇಬಲ್‌ಗೆ ಪ್ರತಿ ಸಾಲನ್ನೂ ಗುರುತಿಸುವ ಪ್ರೈಮರಿ ಕೀ ಬೇಕು, ಇಲ್ಲವೇ ನಲ್ (ಖಾಲಿ ಬೆಲೆ) ಇಲ್ಲದ ಯುನೀಕ್ ಇಂಡೆಕ್ಸ್ (ಸಾಲು ಬೇಗ ಹುಡುಕುವ ಸೂಚಿ) ಬೇಕು. ಟೇಬಲ್ ಮತ್ತು ಇಂಡೆಕ್ಸ್ ಸೇರಿ ಎಷ್ಟೋ, ಸುಮಾರು ಅದರ ಎರಡರಷ್ಟು ಖಾಲಿ ಡಿಸ್ಕ್ ಇರಲಿ. ಅಷ್ಟು ಇಲ್ಲದಿದ್ದರೆ ಸಣ್ಣ ಟೇಬಲ್‌ಗಳಿಂದ ಶುರು ಮಾಡಿ.

ಒಂದು ಮಾತು: ಬೀಗಕ್ಕಾಗಿ 60 ಸೆಕೆಂಡ್ ಕಾದು ಸಿಗದಿದ್ದರೆ ಅದು ಅಡ್ಡ ಇರುವ ಕ್ವೆರಿಗಳನ್ನು ರದ್ದು ಮಾಡುತ್ತದೆ. ಬೇಡವಾದರೆ 'ನೋ ಕಿಲ್ ಬ್ಯಾಕೆಂಡ್' ಆಯ್ಕೆ ಕೊಡಿ, ಆ ಟೇಬಲ್ ಬಿಟ್ಟು ಮುಂದೆ ಹೋಗುತ್ತದೆ. ಮತ್ತೆ, ನಿಮ್ಮ ಲ್ಯಾಪ್‌ಟಾಪಿನಿಂದ ನೇರವಾಗಿ ಓಡಿಸಬೇಡಿ. ನಮ್ಮ ಕಡೆ ಒಂದು ಕೊಂಬೆ ಬಿದ್ದರೆ ಕರೆಂಟ್, ನೆಟ್ ಎರಡೂ ಹೋಗುತ್ತವೆ ಅಲ್ವಾ. ಸರ್ವರ್ ಒಳಗೆ, ಸಂಪರ್ಕ ಕಡಿದರೂ ಕೆಲಸ ನಿಲ್ಲಿಸದ ಟಿಮಕ್ಸ್‌ನಲ್ಲಿ ಓಡಿಸಿ. ಅರ್ಧಕ್ಕೆ ನಿಂತು ಟ್ರಿಗರ್ ಉಳಿದುಕೊಂಡರೆ ಎಕ್ಸ್‌ಟೆನ್ಷನ್ ಅನ್ನು ಕ್ಯಾಸ್ಕೇಡ್ ಸಹಿತ ಡ್ರಾಪ್ ಮಾಡಿ, ಮತ್ತೆ ಹಾಕಿ.

ಇಂಡೆಕ್ಸ್ ಮಾತ್ರ ಊದಿದ್ದರೆ ಇಷ್ಟೆಲ್ಲ ಬೇಡ. ಪೋಸ್ಟ್‌ಗ್ರೆಸ್ 12ರಿಂದ ರೀಇಂಡೆಕ್ಸ್ ಕನ್‌ಕರೆಂಟ್ಲಿ ಇದೆ, ಟೇಬಲ್‌ಗೆ ಬರೆಯುವುದನ್ನು ತಡೆಯದೆ ಇಂಡೆಕ್ಸ್ ಹೊಸದಾಗಿ ಕಟ್ಟುತ್ತದೆ.

ರಾತ್ರಿ ಹನ್ನೊಂದಕ್ಕೆ ರೀಪ್ಯಾಕ್ ಶುರು ಮಾಡಿದೆ. 34 ಜಿಬಿ ಇದ್ದ ಟೇಬಲ್ 11 ಜಿಬಿಗೆ ಇಳಿಯಿತು. ಮರುದಿನ ಕಾಟಾದ ಹುಡುಗನನ್ನು ಕೇಳಿದೆ, ಅವನಿಗೆ ಏನೂ ಗೊತ್ತಾಗಿರಲಿಲ್ಲ. ಕೊನೆಗೆ ಆ ಒಂದು ಟೇಬಲ್‌ಗೆ ಆಟೋವ್ಯಾಕ್ಯೂಮ್ (ತಾನೇ ಓಡುವ ಮಾಮೂಲಿ ವ್ಯಾಕ್ಯೂಮ್) ಸ್ಕೇಲ್ ಫ್ಯಾಕ್ಟರ್ 0.2ರಿಂದ 0.02ಕ್ಕೆ ಇಳಿಸಿದೆ. ಈಗ ನೂರರಲ್ಲಿ ಇಪ್ಪತ್ತು ಸಾಲು ಸಾಯುವ ತನಕ ಅದು ಕಾಯುವುದಿಲ್ಲ.