ಅಂಕಪಟ್ಟಿಯೂ ಪಿಚಿಂಗ್ ವೇಗವೂ: ಮಗನ ಕಾಲೇಜು ಬೇಸ್‌ಬಾಲ್ ಹುಡುಕಾಟದ ನನ್ನ ಅನುಭವ

ಮೈಸೂರಿನಲ್ಲಿ ಬೆಳೆದ ನನಗೆ ಓದನ್ನೂ ಆಟವನ್ನೂ ಒಟ್ಟಿಗೆ ಸಾಗಿಸಿದವರ ಉದಾಹರಣೆಗಳು ಹೊಸದಲ್ಲ. ಜಾವಗಲ್ ಶ್ರೀನಾಥ್ ನಮ್ಮೂರಿನ ಎಸ್‌ಜೆಸಿಇಯಲ್ಲಿ, ಅನಿಲ್ ಕುಂಬ್ಳೆ ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವರು. ಆದರೆ ನ್ಯೂಜೆರ್ಸಿಯಲ್ಲಿ ಹುಟ್ಟಿ ಬೇಸ್‌ಬಾಲ್ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರ) ಆದ ನನ್ನ ಮಗನನ್ನು ಕಾಲೇಜಿಗೆ ಸೇರಿಸಲು ಹೊರಟಾಗ, ತಂಡದ ಕೋಚ್ ಒಬ್ಬರ ಮಾತಿಗೆ ಪ್ರವೇಶ ಕಚೇರಿಯಲ್ಲಿ ಎಷ್ಟು ತೂಕವಿದೆ ಎಂಬುದೇ ಇಡೀ ಪ್ರಕ್ರಿಯೆಯ ತಿರುಳೆಂದು ನನಗೆ ತಿಳಿದಿರಲಿಲ್ಲ.

2023ರ ಬೇಸಿಗೆಯಲ್ಲಿ, ಅವನು ಹನ್ನೊಂದನೆಯ ತರಗತಿಗೆ ಕಾಲಿಡುವ ಮುನ್ನ, ಅವನ ಎಸೆತದ ವೇಗ ಗಂಟೆಗೆ 82 ಮೈಲಿ ಇತ್ತು. ಶಾಲೆಯ ಅಂಕಗಳ ಸರಾಸರಿಯಾದ ಜಿಪಿಎ ನಾಲ್ಕಕ್ಕೆ ಹತ್ತಿರವಿತ್ತು. ಹನ್ನೊಂದನೆಯ ತರಗತಿ ಶುರುವಾಗುವ ವರ್ಷದ ಆಗಸ್ಟ್ 1ಕ್ಕೆ ಮೊದಲು ಅಮೆರಿಕದ ಕಾಲೇಜು ಕ್ರೀಡೆಯ ಮೇಲಿನ ದರ್ಜೆಯಾದ ಡಿವಿಷನ್ 1ರ ಕೋಚ್‌ಗಳು ಆಟಗಾರನೊಂದಿಗೆ ಆಯ್ಕೆಯ ಮಾತುಕತೆ ನಡೆಸುವಂತಿಲ್ಲ. ಆ ದಿನ ಕಳೆದ ಮೇಲೆ ಬಂದ ಇಮೇಲ್‌ಗಳನ್ನೆಲ್ಲ ನಾನು ಆಸಕ್ತಿಯ ಸೂಚನೆಯೆಂದೇ ಭಾವಿಸಿದೆ. ಅವುಗಳಲ್ಲಿ ಹೆಚ್ಚಿನವು ಮಗನ ಹೆಸರನ್ನು ಯಂತ್ರವೇ ತುಂಬಿದ, ಶುಲ್ಕ ಕೊಟ್ಟು ಸೇರುವ ಶಿಬಿರಗಳ ಜಾಹೀರಾತುಗಳಾಗಿದ್ದವು. ಮೂರು ಶಿಬಿರಗಳಿಗೆ ಹಣ ಕಟ್ಟಿ, ಹೋಟೆಲ್‌ಗಳಲ್ಲಿ ತಂಗಿ ಬಂದ ಮೇಲೆ, ಅವನ ಪಿಚಿಂಗನ್ನು ಯಾರೂ ನೆನಪಿಟ್ಟಿರಲಿಲ್ಲ ಎಂಬುದು ತಿಳಿಯಿತು. ಕೋಚ್ ಸ್ವತಃ ಫೋನ್ ಮಾಡದಿದ್ದರೆ, ಇಲ್ಲವೇ ಅಂಕಪಟ್ಟಿ ಕೇಳದಿದ್ದರೆ ಅದನ್ನು ಆಸಕ್ತಿ ಎನ್ನಬಾರದು ಎಂಬ ನಿಯಮವನ್ನು ಆಮೇಲೆ ನಾವೇ ಹಾಕಿಕೊಂಡೆವು.

ಊರಿನ ನೆಂಟರೆಲ್ಲ ಕೇಳುತ್ತಿದ್ದುದು ಸ್ಕಾಲರ್‌ಶಿಪ್ ಎಷ್ಟು ಎಂದು. ಆಗ ಡಿವಿಷನ್ 1ರಲ್ಲಿ ಒಂದು ಬೇಸ್‌ಬಾಲ್ ತಂಡಕ್ಕೆ ಒಟ್ಟು 11.7 ಪೂರ್ಣ ಸ್ಕಾಲರ್‌ಶಿಪ್‌ಗಳಷ್ಟೇ ಮಿತಿ ಇದ್ದುದರಿಂದ ಅದನ್ನು ತುಂಡು ಮಾಡಿ ಹಲವರಿಗೆ ಹಂಚುತ್ತಿದ್ದರು. ಡಿವಿಷನ್ 1ರಲ್ಲೇ ಇರುವ ಐವಿ ಲೀಗ್‌ನ (ಹಾರ್ವರ್ಡ್, ಯೇಲ್ ಮುಂತಾದ) ಎಂಟು ವಿಶ್ವವಿದ್ಯಾಲಯಗಳಾಗಲಿ, ಆಮ್‌ಹರ್ಸ್ಟ್, ವಿಲಿಯಮ್ಸ್, ಟಫ್ಟ್ಸ್, ಎಮೊರಿಯಂತಹ, ಕ್ರೀಡೆಯ ಮೂರನೆಯ ದರ್ಜೆಯಾದ ಡಿವಿಷನ್ 3ರ ಸಂಸ್ಥೆಗಳಾಗಲಿ ಆಟಕ್ಕೆಂದು ಹಣ ಕೊಡುವುದೇ ಇಲ್ಲ. ಅಲ್ಲಿ ಆಟದಿಂದ ಸಿಗಬಹುದಾದದ್ದು ಪ್ರವೇಶಕ್ಕೆ ಒಂದು ಬೆಂಬಲ, ಅಷ್ಟೇ. ಹಾಗಾಗಿ ಪ್ರತಿ ಕಾಲೇಜಿನ ಜಾಲತಾಣದಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ನಮ್ಮ ತೆರಿಗೆ ಪತ್ರಗಳ ಅಂಕಿಗಳನ್ನು ತುಂಬಿ, ನಾವು ನಿಜವಾಗಿ ಕಟ್ಟಬೇಕಾದ ಮೊತ್ತವನ್ನು ಮೊದಲೇ ಬರೆದಿಟ್ಟುಕೊಂಡೆ. ಇಬ್ಬರೂ ದುಡಿಯುವ ಮನೆಯಾದ್ದರಿಂದ ಹೆಚ್ಚು ನೆರವು ಕಾಣಿಸಲಿಲ್ಲ, ಮತ್ತು ಪಟ್ಟಿಯಿಂದ ನಾಲ್ಕು ಹೆಸರುಗಳು ಅಂದೇ ಬಿದ್ದುಹೋದವು.

ಕೋಚ್‌ಗಳಿಗೆ ಮೊದಲ ಪತ್ರವನ್ನು ನಾನೇ ಬರೆದೆ. ಮಗನ ಶ್ರದ್ಧೆ, ವಿನಯ, ಮನೆತನ ಎಲ್ಲವೂ ಅದರಲ್ಲಿತ್ತು. ಓದಿದ ನನ್ನ ಹೆಂಡತಿ, "ರೀ, ಇದು ಹೆಣ್ಣಿನ ಕಡೆಯವರಿಗೆ ಬರೆದ ಕಾಗದದ ಹಾಗಿದೆಯಲ್ಲ" ಎಂದಳು. ಮುಂದಿನ ಪತ್ರಗಳನ್ನೆಲ್ಲ ಮಗನೇ ಬರೆದ, ಮತ್ತು ಅದೇ ಸರಿ, ಏಕೆಂದರೆ ಕೋಚ್‌ಗಳು ಮಾತನಾಡಲು ಬಯಸುವುದು ಹುಡುಗನೊಂದಿಗೆ. ವಿಷಯದ ಸಾಲಿನಲ್ಲಿಯೇ ಶಾಲೆ ಮುಗಿಸುವ ವರ್ಷ, ಬಲಗೈ ಪಿಚರ್, ವೇಗ, ಜಿಪಿಎ, ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕ; ಒಳಗೆ ಆರೇಳು ಸಾಲು, ಸಂಗೀತವಿಲ್ಲದ ಎರಡು ನಿಮಿಷದ ವಿಡಿಯೊ ಮತ್ತು ಅಂಕಪಟ್ಟಿ. ಬರೆಯುವ ಮುನ್ನ ಆ ತಂಡದ ರೋಸ್ಟರ್ (ಆಟಗಾರರ ಪಟ್ಟಿ) ತೆರೆದು, ಅವನು ಸೇರುವ ವರ್ಷದ ಹೊತ್ತಿಗೆ ಎಷ್ಟು ಮಂದಿ ಪಿಚರ್‌ಗಳು ಪದವಿ ಮುಗಿಸಿ ಹೊರಡುತ್ತಾರೆ ಎಂದು ಎಣಿಸುತ್ತಿದ್ದ. ಮೂವತ್ತೆರಡು ಪತ್ರಗಳಿಗೆ ಹನ್ನೊಂದು ಉತ್ತರಗಳು ಬಂದವು. ಹತ್ತು ಡಿವಿಷನ್ 3ರವು. ಒಬ್ಬ ಡಿವಿಷನ್ 1 ಕೋಚ್ 82 ಮೈಲಿ ತಮಗೆ ಸಾಲದೆಂದು ನೇರವಾಗಿ ಬರೆದರು. ಆ ಒಂದು ಸಾಲಿನಿಂದ ನಮಗೆ ಉಳಿದ ಹಣ ಕಡಿಮೆಯದಲ್ಲ.

ನಿಜವಾದ ಪರೀಕ್ಷೆ ಇರುವುದು ಹನ್ನೆರಡನೆಯ ತರಗತಿಗೆ ಮುಂಚಿನ ಜುಲೈ ತಿಂಗಳ ಪ್ರೀ-ರೀಡ್‌ನಲ್ಲಿ. ಕೋಚ್ ಆಟಗಾರನ ಅಂಕಪಟ್ಟಿ, ಪರೀಕ್ಷೆಯ ಅಂಕ, ಮುಂದಿನ ವರ್ಷದ ವಿಷಯಗಳ ಪಟ್ಟಿಯನ್ನು ಪ್ರವೇಶ ಕಚೇರಿಗೆ ಕೊಡುತ್ತಾರೆ. ಕಚೇರಿ ಅವನ್ನು ಓದಿ, ಅರ್ಜಿ ಹಾಕಿದರೆ ದಾರಿ ಹೇಗಿದೆಯೆಂದು ಅವರಿಗೆ ಅನೌಪಚಾರಿಕವಾಗಿ ತಿಳಿಸುತ್ತದೆ. ಹನ್ನೆರಡನೆಯ ತರಗತಿಯಲ್ಲಿ ಸುಲಭದ ವಿಷಯ ಆರಿಸಿಕೊಂಡು ಆಟಕ್ಕೆ ಸಮಯ ಮಾಡಿಕೊಳ್ಳೋಣವೆಂದಿದ್ದ ಮಗನನ್ನು ನಾನು ತಡೆದದ್ದು ಇದೇ ಕಾರಣಕ್ಕೆ. ಕಾಲೇಜು ಮಟ್ಟದ ಎಪಿ ಭೌತಶಾಸ್ತ್ರ ಆ ಪಟ್ಟಿಯಲ್ಲಿ ಉಳಿಯಿತು.

ನಾವು ಎಡವಿದ್ದೂ ಇಲ್ಲಿಯೇ. ಒಬ್ಬ ಕೋಚ್ ಬೇಸಿಗೆಯುದ್ದಕ್ಕೂ ವಾರಕ್ಕೊಮ್ಮೆ ಫೋನ್ ಮಾಡಿ, ನೀನು ನಮ್ಮಲ್ಲಿಗೆ ಬರಲೇಬೇಕು ಎನ್ನುತ್ತಿದ್ದರು. ಪ್ರೀ-ರೀಡ್ ಮಾಡಿಸಿದ್ದೀರಾ ಎಂದು ಕೇಳಲು ನಮಗೆ ಸಂಕೋಚ. ಸೆಪ್ಟೆಂಬರ್‌ನಲ್ಲಿ ಕೇಳಿದಾಗ, ಅರ್ಜಿ ಹಾಕಿ ನೋಡಿ ಎಂದಷ್ಟೇ ಹೇಳಿದರು. ಅಲ್ಲಿಂದ ಮುಂದೆ ಮಗ ಪ್ರತಿಯೊಬ್ಬರಿಗೂ ಮೂರು ಪ್ರಶ್ನೆ ಕೇಳಿದ: ಪ್ರವೇಶ ಕಚೇರಿಯಲ್ಲಿ ನನ್ನನ್ನು ಬೆಂಬಲಿಸುತ್ತೀರಾ, ವರ್ಷಕ್ಕೆ ಎಷ್ಟು ಮಂದಿಯನ್ನು ಬೆಂಬಲಿಸುತ್ತೀರಿ, ಹೀಗೆ ಬೆಂಬಲ ಪಡೆದವರಲ್ಲಿ ಈಚೆಗೆ ಯಾರಿಗಾದರೂ ಪ್ರವೇಶ ತಪ್ಪಿದೆಯೇ? ನೇರ ಪ್ರಶ್ನೆಗೆ ಯಾವ ಕೋಚ್ ಕೂಡ ಬೇಸರಿಸಲಿಲ್ಲ. ಎಂಐಟಿಯಂತಹ ಕಡೆ ಕೋಚ್ ಒಂದು ಮಾತು ಹೇಳಬಹುದೇ ಹೊರತು ಸೀಟು ಕಾದಿರಿಸಲಾರರು. ಅದನ್ನು ನಾವು ಸಾಮಾನ್ಯ ಅರ್ಜಿಯಂತೆಯೇ ಪರಿಗಣಿಸಿದೆವು.

ಬೆಂಬಲಕ್ಕೆ ಪ್ರತಿಯಾಗಿ ಕೋಚ್‌ಗಳು ಬಯಸುವುದು ಅರ್ಲಿ ಡಿಸಿಷನ್ ಅರ್ಜಿ. ಅದನ್ನು ಒಂದೇ ಕಾಲೇಜಿಗೆ ಹಾಕಬಹುದು, ಪ್ರವೇಶ ಸಿಕ್ಕರೆ ಸೇರಲೇಬೇಕು. ಅಕ್ಟೋಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಸಣ್ಣ ಕಾಲೇಜಿನಲ್ಲಿ ಮಗ ಒಂದು ರಾತ್ರಿ ತಂಡದ ಹುಡುಗರೊಂದಿಗೆ ತಂಗಿದ. ಮಧ್ಯಾಹ್ನದ ರಸಾಯನಶಾಸ್ತ್ರ ಪ್ರಯೋಗಾಲಯವೂ ವಸಂತದ ಪಂದ್ಯಗಳೂ ಒಂದೇ ದಿನ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದಾಗ, ಪ್ರಯೋಗಾಲಯ ಮುಗಿಸಿ ತಡವಾಗಿ ಮೈದಾನಕ್ಕೆ ಬರುತ್ತೇವೆ, ಕೋಚ್ ಏನೂ ಅನ್ನುವುದಿಲ್ಲ ಎಂದರಂತೆ. ಅವನ ಮನಸ್ಸು ಅಲ್ಲೇ ನಿಂತಿತು. ಲೆಕ್ಕ ಹಾಕಿಟ್ಟ ಮೊತ್ತವೂ ನಮ್ಮ ಕೈಗೆಟುಕುವಂತಿತ್ತು.

2024ರ ಡಿಸೆಂಬರ್ ಮಧ್ಯದಲ್ಲಿ ಪ್ರವೇಶದ ಪತ್ರ ಬಂತು. ಆ ರಾತ್ರಿಯೇ ಮಗ ತನ್ನೊಂದಿಗೆ ಇನ್ನೂ ಸಂಪರ್ಕದಲ್ಲಿದ್ದ ನಾಲ್ವರು ಕೋಚ್‌ಗಳಿಗೆ ಕೃತಜ್ಞತೆ ತಿಳಿಸಿ ಬರೆದು, ಉಳಿದ ಅರ್ಜಿಗಳನ್ನು ಹಿಂದೆಗೆದುಕೊಂಡ. ಮೂವರು ಮರುದಿನವೇ ಶುಭ ಕೋರಿ ಉತ್ತರಿಸಿದರು.